ಸ್ಥಾಪನೆಯಾದ ವರ್ಷ

ಮಡಿಕೇರಿಯಿಂದ ಬಂದವರು ಫಾರಂ ಕೊಟ್ಟು ಹೋಗಿದ್ದಾರೆ.
ಒಳ್ಳೆಯವರೇ. ಚಾ ಕುಡಿದು ಲೋಟ ತಾವೇ ತೊಳೆದಿಟ್ಟರು.
ನಾವು ಮಾಡುವುದಕ್ಕೊಂದು ಹೆಸರಿದೆಯಂತೆ, ಮೆಂಟರಿಂಗ್.
ಇಷ್ಟು ಕಾಲ ಅದಕ್ಕೆ ನಾವು
‘ಜಗಲಿಗೆ ಹೋಗಿ ಬರ್ತೇನೆ’ ಅನ್ನುತ್ತಿದ್ದೆವು.

ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ:
ಸ್ಥಾಪನೆಯಾದ ವರ್ಷ.

ಯಾವುದನ್ನು ಬರೆಯಲಿ?
ಸಿದ್ದಾಪುರದ ಅಂಚೆ ಕಚೇರಿಗೆ ಭಾನುವಾರ ಬೀಗ,
ಸಂತೆಗೆ ಬಾಗಿಲೇ ಇಲ್ಲ.
ವಾರದ ಬಟವಾಡೆ ಸೆರಗಿಗೆ ಕಟ್ಟಿ ಲೈನ್‌ಮನೆಗಳಿಂದ ಬಂದವರು
ಒಣಮೀನಿನ ಸಾಲಿಗೆ ನುಗ್ಗುವ ಮೊದಲು
ಮಕ್ಕಳನ್ನು ಆ ಜಗಲಿಯಲ್ಲಿ ಕೂರಿಸುತ್ತಿದ್ದರು,
ಕೊಡೆಗಳ ಜೊತೆ, ಕೊಡೆಗಳ ಹಾಗೆ.

ಸಾರ್ಟರ್ ಐಯಣ್ಣ ರಜಾದಿನವೂ ಅಲ್ಲೇ.
ಮನೆಯಲ್ಲಿ ಜಗಳವಿತ್ತು ಅನ್ನುವವರಿದ್ದಾರೆ,
ನಾನು ಕಂಡವಳಲ್ಲ.
ಸೇಲಂಗೆ ದುಡ್ಡು ಕಳಿಸುವವರಿಗೆ
ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದರಂತೆ.
ಆಣೆ ಹೋಗಿ ನಯಾಪೈಸೆ ಬಂದ ಹೊಸತು.
ವೀರಮುತ್ತು ಅನ್ನುವ ಹುಡುಗ ಕಾಗದಕ್ಕೆ ಬಗ್ಗಿ ಕೇಳಿದ,
‘ಇದರಲ್ಲಿ ನನ್ನಪ್ಪ ಎಲ್ಲಿದ್ದಾನೆ?’
ಐಯಣ್ಣ ಬೆರಳಿಟ್ಟು ತೋರಿಸಿದರು.
ಮುಂದಿನ ವಾರ ಹುಡುಗನ ಬೆರಳು
ತಾನೇ ಆ ಜಾಗಕ್ಕೆ ಹೋಯಿತು.

ಇಷ್ಟೇ. ಟೇಪು ಕತ್ತರಿಸಿದವರಿಲ್ಲ.
ನಿವೃತ್ತಿಯ ದಿನ ಐಯಣ್ಣ ಹಳೇ ಪೆನ್ನು ಕೊಟ್ಟರು,
ಅದೂ ಸೋರುತ್ತಿತ್ತು.
ವೀರಮುತ್ತು ಆಗ ಮರದ ಡಿಪೋದಲ್ಲಿ ಲೆಕ್ಕ ಬರೆಯುವವನು.
ಆರು ದಿನ ಬೀಟೆಯ ಸುತ್ತಳತೆ,
ಏಳನೆಯ ದಿನ ಮಕ್ಕಳ ಕಾಗುಣಿತ.

ಫಲಾನುಭವಿಗಳ ಸಂಖ್ಯೆ ಬೇಕಂತೆ.
ಪುಸ್ತಕವೊಂದಿತ್ತು, ಹೊಳೆ ಊರೊಳಗೆ ಬಂದ ಮಳೆಗಾಲದಲ್ಲಿ
ಕರಡಿಗೋಡಿನ ಮನೆಗಳ ಜೊತೆ ಅದೂ ನೆನೆದು
ಎಲ್ಲ ಹೆಸರೂ ಒಂದೇ ನೀಲಿಯಾಯಿತು.
ನೆನಪಿರುವುದರಲ್ಲಿ ಒಬ್ಬ, ದೊರೆಕಣ್ಣು.
ಓದಿನಲ್ಲಿ ಚುರುಕು, ಕೈಯೂ ಚುರುಕು,
ಕಣದಲ್ಲಿ ಒಣಗಲಿಟ್ಟ ಕರಿಮೆಣಸು ಕದ್ದು ಸಿಕ್ಕಿಬಿದ್ದ.
ವೀರಮುತ್ತು ಹನ್ನೊಂದು ತಿಂಗಳು
ಜೈಲಿನ ಕಂಬಿಯ ಈಚೆಗೆ ನಿಂತು ಭಾಗಾಕಾರ ಕೇಳಿಸಿದ.
ಹೊರಬಂದವನು ಯಾವ ಬಸ್ಸು ಹತ್ತಿದನೋ,
ಒಂದು ಕಾರ್ಡೂ ಬರಲಿಲ್ಲ.
ಅವನನ್ನು ಸಂಖ್ಯೆಗೆ ಸೇರಿಸಲೇ?

ನನ್ನನ್ನು ಹಿಡಿದದ್ದು ಪಾತುಮ್ಮ.
ವೀರಮುತ್ತು ಕಲಿಸಿದವಳು, ಮೀನು ಮಾರುವವಳು.
ಆಶ್ರಮ ಶಾಲೆಯಿಂದ ಮೂರು ಸಲ ಓಡಿ ಬಂದಿದ್ದೆ ನಾನು,
ಹಾಡಿಗೆ ಹೋದರೆ ಅಪ್ಪ ಮತ್ತೆ ಬಿಟ್ಟುಬರುತ್ತಾನೆಂದು
ಅವಳ ಬುಟ್ಟಿಯ ಹಿಂದೆ ಅಡಗಿದ್ದೆ.
ಯಾಕೆ ಓಡಿ ಬಂದೆ ಅಂತ ಅವಳು ಕೇಳಲೇ ಇಲ್ಲ.
‘ಮತ್ತಿ ಕಿಲೋಗೆ ಹದಿನಾಲ್ಕು, ಮುಕ್ಕಾಲಿಗೆಷ್ಟು? ಬೇಗ ಹೇಳು ಕರ್ಪಿ,
ಗಿರಾಕಿ ಹೋಗ್ತಾನೆ.’
ಹೇಳಿದೆ. ಹತ್ತೂವರೆ.
ಆ ದಿನ ಮೀನು ತಕ್ಕಡಿಯಲ್ಲಿತ್ತು,
ನಾನೂ ಎಲ್ಲೋ ಒಂದು ಕಡೆ ತೂಗಿದೆ.
ಸಂಜೆ ತೋಟದ ದಾರಿಯಲ್ಲಿ ಆನೆ ದಾಟುವವರೆಗೆ
ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು.
ಅವಳ ಮುಷ್ಟಿಯ ವಾಸನೆ, ಉಪ್ಪಿನದು,
ಇನ್ನೂ ನನ್ನ ಕೈಯಲ್ಲಿದೆ.

ಈಗ ನಾನು ಪಂಚಾಯಿತಿಯ ನೀರುಗಂಟಿ.
ಐದಕ್ಕೆ ವಾಲ್ವ್ ತಿರುಗಿಸುತ್ತೇನೆ,
ನೀರು ಯಾರ ಕೊಡಕ್ಕೆ ಬಿತ್ತೋ ನನಗೆ ಕಾಣುವುದಿಲ್ಲ.
ಭಾನುವಾರ ಜಗಲಿ.
ನಡುವೆ ನಾಲ್ಕು ವರ್ಷ ಹೋಗಲೇ ಇಲ್ಲ,
ಮಗು ಸತ್ತಿತ್ತು, ಬೇರೆಯವರ ಮಕ್ಕಳನ್ನು ನೋಡಲಾಗುತ್ತಿರಲಿಲ್ಲ.
ಆ ನಾಲ್ಕು ವರ್ಷಕ್ಕೆ ಫಾರಂನಲ್ಲಿ ಜಾಗವಿಲ್ಲ.

ಪಕ್ಕದಲ್ಲಿ ಜೋನಾಕಿ, ಎಂಟು ವರ್ಷ.
ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದವರ ಮಗಳು.
ಅವಳಪ್ಪ ಮೊಬೈಲಿನಲ್ಲೇ ಊರಿಗೆ ದುಡ್ಡು ಕಳಿಸುತ್ತಾನೆ,
ಬೆರಳಿಟ್ಟು ತೋರಿಸಲು ಕಾಗದವೇ ಇಲ್ಲ.
ಆದ್ದರಿಂದ ಈ ಫಾರಂ ಅವಳಿಗೆ ಹಬ್ಬ.
‘ಇಲ್ಲಿ ಏನು? ಇಲ್ಲಿ ಏನು?’

ನಾನು ಒಲೆಯ ಮೇಲಿನ ಗಂಜಿ ನೋಡಿ ಬರುವಷ್ಟರಲ್ಲಿ
ಸ್ಥಾಪಕರ ಹೆಸರು ಅನ್ನುವ ಚೌಕದೊಳಗೆ
ನಾಲಿಗೆ ಕಚ್ಚಿಕೊಂಡು ಬರೆದುಬಿಟ್ಟಿದ್ದಾಳೆ
ಜೋ ನಾ ಕಿ
‘ಕಿ’ ಗೆರೆ ದಾಟಿ ಪಕ್ಕದ ಚೌಕಕ್ಕೆ ಕಾಲಿಟ್ಟಿದೆ.

ಪೆನ್ನಿನದು, ಅಳಿಸಲು ಬಾರದು.
ವರ್ಷದ ಜಾಗ ಇನ್ನೂ ಖಾಲಿ.
ಇವತ್ತು ತಾರೀಖು ಎಷ್ಟು ಅಂತ
ಅವಳನ್ನೇ ಕೇಳಿದೆ.