ಹದಿನೇಳನೆಯ ಗುರುವಾರ

ಮೊದಲ ದಿನವೇ ಕೇಳಿದ್ದೆ: ಟೀಚರ್, ಪಾಠವನ್ನು
ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲೇ?
"ಹಿಡಿದುಕೊಳ್ಳಿ ಚೋಂದಮ್ಮ," ಅಂದರು ತಂಗಮಣಿ ಟೀಚರ್,
"ಆದರೆ ಕೇಳಬೇಕು. ಕೇಳದೆ ಇಟ್ಟರೆ ಉಪ್ಪಿನಕಾಯಿ:
ಭರಣಿ ತುಂಬುತ್ತದೆ, ಬಾಯಿಗಿಲ್ಲ."

ವಿರಾಜಪೇಟೆ. ದರ್ಜಿ ಅಂಗಡಿಯ ಮೇಲಿನ ಕೋಣೆ.
ಶ್ರುತಿಪೆಟ್ಟಿಗೆಗೂ ನನಗೂ ನಡುವೆ, ಚಾಪೆಯ ಅಂಚಿನಲ್ಲಿ
ಬೋರಲು ಮಲಗಿದ ಫೋನು.
ನನಗೆ ನಲವತ್ತೊಂಬತ್ತು. ಮೊದಲ ಸ, ಮೊದಲ ರಿ.

ಅವತ್ತು ರಾತ್ರಿ ಗೋಣಿಕೊಪ್ಪದ ಬಸ್ಸಿನಲ್ಲಿ
ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ.
ಯಾರಿದು,
ಮೂಗಿನಲ್ಲಿ ಕಲ್ಲು ಸಿಕ್ಕಂತೆ ಹಾಡುವ ಈ ಹೆಂಗಸು?
ಟೀಚರ್ ಮಾತು ಮುಗಿಸುವ ಮೊದಲೇ
"ಗೊತ್ತಾಯ್ತು, ಗೊತ್ತಾಯ್ತು" ಅನ್ನುತ್ತಾಳೆ.
ಎಣಿಸಿದೆ: ನಲವತ್ತು ನಿಮಿಷಕ್ಕೆ ಇಪ್ಪತ್ತಮೂರು ಸಲ.
ಗೊತ್ತಾದದ್ದು ಒಂದೂ ಇಲ್ಲ.
ಬಿಟ್ಟಂಗಾಲ ದಾಟುವಾಗ ನಿಲ್ಲಿಸಿಬಿಟ್ಟೆ.
ಪಕ್ಕದ ಸೀಟಿನ ಮುದುಕ ನನ್ನ ಮುಖ ನೋಡಿ
"ಯಾರಾದರೂ ತೀರಿಕೊಂಡರಾ?" ಅಂದ.

ಈ ಫೋನು ಬೇಡದ್ದನ್ನೂ ಹೆಕ್ಕಿಕೊಳ್ಳುತ್ತದೆ:
ಆದಿತಾಳಕ್ಕೆ ಜಗ್ಗದೆ ಓಡುವ ಕೆಳಗಿನ ಹೊಲಿಗೆ ಯಂತ್ರ,
ಮೂರ್ನಾಡು ಬಸ್ಸಿನ ಹಾರನ್ನು,
ಸಂಜೆ ಚರ್ಚಿನ ಗಂಟೆ, ಅದು ಅಡಗುವ ತನಕ
ಟೀಚರ್ ಸುಮ್ಮನಿರುವುದು,
ಆಮೇಲೆ "ಯಾವ ಸ್ವರ, ಹೇಳಿ?" ಅನ್ನುವುದು,
ನಾನು ಯಾವಾಗಲೂ "ಪ" ಅನ್ನುವುದು.
ಹೂಮಳೆ ಬಿದ್ದ ವಾರ
ಕಿಟಕಿಯಿಂದ ನುಗ್ಗಿದ ಕಾಫಿ ಹೂವಿನ ಘಮ ಮಾತ್ರ
ಎಷ್ಟು ಜೋರು ಮಾಡಿದರೂ ಇಲ್ಲ.

ಹಗಲು ನನ್ನದು ಔಷಧಿ ಅಂಗಡಿ.
ಒಂದು ಮಧ್ಯಾಹ್ನ ಲೈನುಮನೆಯಿಂದ ಬಂದ ಹುಡುಗಿ
"ಅಕ್ಕಾ, ರಾತ್ರಿ ಮಲಗಿದರೆ ಎದೆ..." ಅಂದಳು.
"ಗೊತ್ತಾಯ್ತು" ಅಂದೆ. ಕೆಮ್ಮಿನ ಗುಳಿಗೆಯ ಹಾಳೆಗೆ
ಆಗಲೇ ಕತ್ತರಿ ಹಾಕಿದ್ದೆ.
ಬಸ್ಸಿನಲ್ಲಿ ಕೇಳಿದ ಆ ಹೆಂಗಸು
ನನ್ನ ಬಾಯಲ್ಲಿ ಕೂತಿದ್ದಳು.
ಕತ್ತರಿ ಇಟ್ಟೆ. "ಎದೆ?" ಅಂದೆ.
"ಕಟ್ಟಿಕೊಂಡಿದೆ ಅಕ್ಕಾ. ಹಾಲು.
ಮಗು ಹೋಗಿ ಎಂಟು ದಿನ."

ಆಮೇಲಿನ ಪಾಠಗಳಲ್ಲಿ ಆ ಪದ ಕಮ್ಮಿ.
ಎಣಿಸುವುದನ್ನೂ ಬಿಟ್ಟೆ.

ಇಳಿಯುವಾಗ ನನ್ನ ದೈವತ ದಾರಿ ತಪ್ಪುತ್ತದೆ.
"ಅದು ಪಂಚಮದ ನೆರೆಮನೆ, ಚೋಂದಮ್ಮ,
ಬೇಲಿ ಹಾರಿ ಎಲ್ಲಿಗೆ ಹೊರಟಿರಿ?"
ಒಂಬತ್ತನೆಯ ಗುರುವಾರ ಅದು ಸರಿಯಾಗಿ ಕೂತಿತ್ತು.
ಅಣ್ಣನ ಮನೆಯಲ್ಲಿ ಊಟಕ್ಕೆ ಕೂತವರಿಗೆಲ್ಲ
ಆ ತುಣುಕು ಕೇಳಿಸಿದ್ದೆ.
ಹದಿನೇಳನೆಯದು ಕೆಟ್ಟಿತೆಂದುಕೊಂಡೇ
ಮೆಟ್ಟಿಲಿಳಿದಿದ್ದೆ.

ನಿನ್ನೆ ರಾತ್ರಿ ಅಂಗಡಿಯ ಬಾಗಿಲೆಳೆದು
ಎರಡನ್ನೂ ಒಂದರ ಹಿಂದೊಂದು ಹಾಕಿದೆ.
ಒಂಬತ್ತರಲ್ಲಿ, ನನ್ನ ದನಿಯ ಅಡಿಗೆ ಇನ್ನೊಂದು,
ಸೀರೆಯಂಚಿಗೆ ಒಳಗಿಂದ ಹೊಲಿದ ಫಾಲಿನ ಹಾಗೆ.
ನಾನು ಜಾರುವ ಮೊದಲೇ ಅಲ್ಲಿರುತ್ತದೆ.
ಹಾಡಿದ್ದು ಅವರು. ನಾನು ಒರಗಿದ್ದೆ.

ಹದಿನೇಳರಲ್ಲಿ ಅದಿಲ್ಲ.
ಸಾ ನೀ ದಾ ಪಾ
ಗಂಟಲು ನಡುಗಿ, ಬೇಲಿ ತಡವಿ, ಒಮ್ಮೆ ಎಡವಿ
ನಾಲ್ಕು ಆವರ್ತ ನಾನೊಬ್ಬಳೇ.
ಟೀಚರ್ ಎಲ್ಲಿ ಕೈಬಿಟ್ಟರೆಂದು
ಹಿಂದಕ್ಕೆ ಮುಂದಕ್ಕೆ ಎಳೆದು ಹುಡುಕಿದೆ. ಸಿಗಲಿಲ್ಲ.
ತೊಡೆಯ ಮೇಲೆ ಅವರ ಬೆರಳಿನ ತಾಳ ಇದೆ,
ನಾಲ್ಕನೆಯದರ ಕೊನೆಗೆ
ಅವರು ಉಸಿರು ಬಿಟ್ಟದ್ದು ಇದೆ.
ಅಷ್ಟು ಹೊತ್ತೂ ಹಿಡಿದಿಟ್ಟಿದ್ದರೆಂದು ಕಾಣುತ್ತದೆ.

ಇದನ್ನು ಅವರಿಗೆ ಹೇಳಿಲ್ಲ.
ಇವತ್ತು ಗಂಟೆ ಹೊಡೆದು ಅಡಗಿದ ಮೇಲೆ
"ಯಾವ ಸ್ವರ?" ಅಂದರು.
ಗೊತ್ತಿಲ್ಲ ಟೀಚರ್, ಅಂದೆ.
"ನನಗೂ," ಅಂದರು. "ಎರಡರ ನಡುವೆ ಎಲ್ಲೋ ಇದೆ."
ಮತ್ತೆ ಶ್ರುತಿ ಹಾಕಿದರು.
ಫೋನಿನಲ್ಲಿದೆ.