ನಾಡಿ

ಮಂಗಳವಾರ, ಶುಕ್ರವಾರ, ಬೆಳಗಿನ ಎಂಟೂವರೆಗೆ
ಕಾರ್ಲೈಲ್ ಬೀದಿಯಲ್ಲಿ ಟ್ರಾಮ್ ಇಳಿದು, ಎರಡು ಮಹಡಿ ಹತ್ತಿ
ಜಿನೋವಿ ನೌಮೊವಿಚ್‌ರ ಬೆರಳ ತುದಿ ಚುಚ್ಚುತ್ತಿದ್ದೆ.
ಒಂದು ಹನಿ ನೆತ್ತರು. ಸಕ್ಕರೆ ಎಷ್ಟೆಂದು ಅವರು ಕೇಳಿದವರಲ್ಲ.
ಕೇಳುತ್ತಿದ್ದದ್ದು ನಾಡಿಯನ್ನು.

ಅರವತ್ತೇಳು ಅಂದರೆ ಪೆನ್ಸಿಲ್ಲನ್ನು ನಾಲಗೆಗೆ ತಾಗಿಸಿ
ಹಾಳೆಯ ನೆತ್ತಿಗೆ ಬರೆದುಕೊಳ್ಳುವರು:
ನಿಮಿಷಕ್ಕೆ ಅರವತ್ತೇಳು.
ಮುಂದಿನ ವಾರ ಐವತ್ತೊಂಬತ್ತು. ಹೊಸ ಹಾಳೆ, ಹೊಸ ಗತಿ.
ಒಮ್ಮೆ ನಡುವೆ ಒಂದು ಬಡಿತ ತಪ್ಪಿತು, ನಾನು ಹೇಳಲಿಲ್ಲ.
"ಒಂದು ನುಂಗಿಬಿಟ್ಟೆಯಲ್ಲ" ಅಂದರು,
ಅಲ್ಲಿಗೊಂದು ಬಿಡುವಿನ ಗುರುತು ಇಟ್ಟರು.

ನನ್ನನ್ನು ಕರೆಯುತ್ತಿದ್ದದ್ದು ಸೆಸ್ತ್ರಾ.
ಅವರ ಭಾಷೆಯಲ್ಲೂ ದಾದಿಗೆ ಒಡಹುಟ್ಟಿದವಳ ಹೆಸರೇ.
ಬಳ್ಳಾರಿಯ ವಾರ್ಡಿನಲ್ಲಿ ಸಿಸ್ಟರ್, ಸಿಸ್ಟರ್ ಎಂದು ಕೂಗಿದವರ
ಸಾಲಿನ ಕೊನೆಗೆ ಈ ಮುದುಕರೂ ಬಂದು ನಿಂತಂತೆ.

ಪಿಯಾನೋದ ಹೊಟ್ಟೆಗೆ ಕಂಬಳಿ ತುರುಕಿದ್ದರು.
ರಾತ್ರಿ ಒಂಬತ್ತು ದಾಟಿದರೆ ಪಕ್ಕದ ಮನೆಯಾತ ಗುದ್ದುತ್ತಿದ್ದ.
"ಅಲ್ಲಿ ಗೋಡೆಗೆ ಕಿವಿ, ಇಲ್ಲಿ ಗೋಡೆಗೆ ಮುಷ್ಟಿ.
ಕಿವಿಯೇ ವಾಸಿ, ಸೆಸ್ತ್ರಾ,
ಕಡೆಯವರೆಗೂ ಕೂತು ಕೇಳುತ್ತಿತ್ತು."

ಖಾರ್ಕೊವ್‌ನಲ್ಲಿ ಸಮಿತಿಯ ಮುಂದೆ ಸಿಂಫನಿ ನುಡಿಸಿದ್ದರಂತೆ.
ಒಂಬತ್ತು ಜನ, ನಡುವೆ ನೀರಿನ ಹೂಜಿ.
"ಚೆನ್ನಾಗಿದೆ, ಕೊನೆಗೆ ಮಾತ್ರ ಯಾಕಿಷ್ಟು ಕತ್ತಲು?
ಬೆಳಗು ಮಾಡಿ" ಅಂದರಂತೆ.
ಆ ರಾತ್ರಿಯೇ ಬ್ಲೇಡಿನಲ್ಲಿ ಶಾಯಿ ಕೆರೆದು
ಹನ್ನೊಂದು ಆವರ್ತದಷ್ಟು ಸಂತೋಷ ಸೇರಿಸಿದರು:
ಕಹಳೆ, ನಗಾರಿ, ಮದುವೆಮನೆಯ ಗದ್ದಲ.
ಆದರೂ ಅದು ಪೆಟ್ಟಿಗೆ ಬಿಟ್ಟು ಹೊರಡಲಿಲ್ಲ.
ಊರೂರು ಸುತ್ತಿದ್ದು
ಹಲ್ಲುಜ್ಜುವ ಕಾರ್ಟೂನಿಗೆ ಬರೆದ ನಾಲ್ಕೇ ಸಾಲು.
ಬಲಕ್ಲಾವದ ಅಂಗಡಿಯಲ್ಲಿ ಉಪ್ಪುಮೀನು ತೂಗುವ ಮುದುಕಿ
ಈಗಲೂ ಅದನ್ನೇ ಗುನುಗುತ್ತಾಳೆ, ಯಾರದೆಂದು ತಿಳಿಯದೆ.
ಜೊತೆಗೆ ಹೋಗಿದ್ದೆ ಒಂದು ದಿನ. ಇವರು ಚಿಲ್ಲರೆ ಎಣಿಸಿಕೊಂಡರು,
ಏನೂ ಹೇಳಲಿಲ್ಲ.
ಬೀದಿಗಿಳಿದ ಮೇಲೆ ಮಾತ್ರ:
"ಸ್ವಲ್ಪ ಕೆಳಗೆ ಹಿಡಿದಳು. ಸರಿಯಾಗಿಯೇ ಹಿಡಿದಳು."

ಎಂಬತ್ತನಾಲ್ಕರ ಆ ಕೈ ಮತ್ತೆ ಬ್ಲೇಡು ಹಿಡಿದಿತ್ತು.
ಹನ್ನೊಂದು ಆವರ್ತವನ್ನೂ ಕೆರೆದೂ ಕೆರೆದೂ
ಕಾಗದ ಈರುಳ್ಳಿ ಸಿಪ್ಪೆಯಾಯಿತು.
ಕಿಟಕಿಗೆ ಎತ್ತಿ ಹಿಡಿದರು. ಬಿಸಿಲು ತೂರಿ ಬಂತು.
"ಬೆಳಗು ಮಾಡಿ ಅಂದಿದ್ದರಲ್ಲ, ನೋಡು."

ಹೊಸದಾಗಿ ಬರೆದದ್ದೆಲ್ಲ ವಯೋಲಾ ಒಂದಕ್ಕೇ.
ಸ್ವರ ಕಡಿಮೆ, ಬಿಡುವು ಹೆಚ್ಚು.
ಅಡುಗೆಮನೆಯ ಫ್ರಿಜ್ಜು ತಟ್ಟನೆ ನಿಂತಾಗ
ಅದು ಇಷ್ಟು ಹೊತ್ತೂ ಹಾಡುತ್ತಿತ್ತೆಂದು ತಿಳಿಯುತ್ತದಲ್ಲ,
ಅಂಥ ಬಿಡುವು.

ಆಗಸ್ಟಿನ ಒಂದು ಶುಕ್ರವಾರ ಬಾಗಿಲು ತೆರೆದವನು ಪಕ್ಕದ ಮನೆಯಾತ.
ಮುಷ್ಟಿಯಲ್ಲಿ ಬೀಗದಕೈ.
"ಎರಡು ದಿನದಿಂದ ಸದ್ದೇ ಇಲ್ಲ, ಅದಕ್ಕೇ..." ಎಂದು ನಿಂತ.
ಪಿಯಾನೋದ ಮೇಲೆ ಐದನೆಯ ಹಾಳೆ.
ನೆತ್ತಿಯಲ್ಲಿ ಸಮದ ಎರಡು ಗೀಟು,
ಅದರ ಮುಂದೆ ಏನೂ ಇಲ್ಲ.

ಚರ್ಚಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ
ವಯೋಲಾದ ಹುಡುಗಿ ಬ್ರೋನ್‌ವಿನ್ ಆ ಹಾಳೆ ಹಿಡಿದು ಬಂದಳು.
"ಇದಕ್ಕೆ ಎಷ್ಟು? ನಿಮಗೆ ಗೊತ್ತಂತಲ್ಲ."
ನನಗೆ ಸ್ವರ ಓದಲು ಬಾರದು.
ಅವಳ ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ.
ನೂರಾನಾಲ್ಕು.
"ಜಾಸ್ತಿಯಾಯಿತು" ಅಂದೆ. "ನೀರು ಕುಡಿ.
ಐದು ನಿಮಿಷ ಸುಮ್ಮನೆ ಕೂತಿರು, ಮತ್ತೆ ನೋಡೋಣ."

ಆಚೆ ಮೂವತ್ತು ಕುರ್ಚಿ, ಕೆಮ್ಮು, ಕೋಟು ಕಳಚುವ ಸದ್ದು.
ಎರಡನೆಯ ಸಾಲಿನಲ್ಲಿ ಮೀನಂಗಡಿಯ ಮುದುಕಿ,
ಕೈಚೀಲ ತೊಡೆಯ ಮೇಲಿಟ್ಟುಕೊಂಡು.