ನಡು

ಕುತೈಸಿಯಲ್ಲಿ ನದಿಗೆ ಎರಡು ದಡ.
ಎಲ್ಲ ನದಿಗೂ ಇರುತ್ತದೆ, ಒಪ್ಪಿದೆ.
ಆದರೆ ಹಿಮ ಕರಗುವ ತಿಂಗಳು ರಿಯೋನಿಯ ಗದ್ದಲಕ್ಕೆ
ಆ ದಡದವರು ಕೂಗಿದ್ದು ಈ ದಡಕ್ಕೆ
ಬರೀ ಬಾಯಿ ಆಡಿದಂತೆ ಕಾಣುತ್ತದೆ.

ಲಮಾರಾ ಈ ದಡ.
ತಂಗಿ ತ್ಸಿಯಾಲಾ ಆ ದಡ.
ಹನ್ನೊಂದು ವರ್ಷ. ಎಣ್ಣೆ ಸೀಗೆಕಾಯಿ.
ಯಾಕೆಂದು ಕೇಳಿದರೆ
ಒಂದು ಹೊಲಿಗೆ ಯಂತ್ರದ ಹೆಸರು ಹೇಳಿ
ಸುಮ್ಮನಾಗುತ್ತಾಳೆ.

ನನ್ನ ಸ್ಟುಡಿಯೋ ಬೇಕರಿಯ ಮೇಲೆ.
ಎರಡು ಸ್ಪೀಕರು, ಒಂದು ಕುರ್ಚಿ,
ದಾರ ಹಿಡಿದು ಅಳೆದ ಸಮತ್ರಿಕೋನ.
ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡದ ನಾನು
ಅವತ್ತು ಅವಳನ್ನು ಕೂರಿಸಿ, ನಿಂತೆ.

ಕ್ಯಾಸೆಟ್ಟಿನಲ್ಲಿ ಮೂವರು.
ಶಾಲೆಯ ಊಟದ ಕೋಣೆ, ಸಾಲ ತಂದ ಎರಡು ಮೈಕು.
ಎಡಕ್ಕೆ ತ್ಸಿಯಾಲಾ, ಮೇಲಿನ ದನಿ.
ಬಲಕ್ಕೆ ಇವಳು.
ನಡುವೆ ಅಣ್ಣ ಸೆವೆರಿಯನ್, ಕೆಳದನಿ.
ಇಬ್ಬರೂ ಎಲ್ಲೆಲ್ಲಿ ಅಲೆದರೂ ತಾನು
ಒಂದೇ ಸ್ವರ ಹಿಡಿದು ನಿಂತವನು
ನೊಗದ ಹಾಗೆ.

"ಬಿಚೋ," ಎಂದಳು. ಹುಡುಗಾ! ನನಗೆ ನಲವತ್ತಾರು.
"ಮೊಮ್ಮಗಳ ಮದುವೆಯಲ್ಲಿ ಇದನ್ನು ಹಾಕುತ್ತಾರೆ.
ಅವಳನ್ನು ದೂರ ಇಡು.
ಅವಳ ಉಸಿರು ನನ್ನ ಉಸಿರಿಗೆ ತಾಗಕೂಡದು."

ಅದೇನು ಮಹಾ ಕೆಲಸ?
ಹೋಟೆಲ್ ಬ್ಯಾಂಡುಗಳ ಬಡಕಲು ಗಿಟಾರನ್ನು
ಜಮಖಾನದಷ್ಟು ಹರವಿದ ಕೈ ಇದು.
ಪ್ಲಗಿನ್ ತೆರೆದೆ.
ಕಪ್ಪು ಪರದೆಯ ಮೇಲೊಂದು ಅರ್ಧಚಂದ್ರ,
ಅದರೊಳಗೆ ಸದ್ದು ಹಸಿರು ಹೊಗೆಯಾಗಿ ಕದಲುತ್ತದೆ.
ಕೆಳಗೆ ಒಂದೇ ಗುಂಡಿ: ಅಗಲ.

ಒಳಗಿನ ಲೆಕ್ಕ ಮೂರನೇ ಕ್ಲಾಸಿನದು.
ಎಡಕ್ಕೆ ಬಲ ಕೂಡಿಸು, ಅದು ನಡು.
ಎಡದಿಂದ ಬಲ ಕಳೆ, ಅದು ಬದಿ.
ಗುಂಡಿ ತಿರುಗಿಸಿದಷ್ಟೂ
ನಡು ಸೊರಗುತ್ತದೆ, ಬದಿ ಕೊಬ್ಬುತ್ತದೆ.

ನೂರಿಪ್ಪತ್ತು.
"ಇನ್ನೂ."
ನೂರೈವತ್ತು. ತ್ಸಿಯಾಲಾ ಕಿಟಕಿ ದಾಟಿದಳು.
"ಇನ್ನೂ."
ನೂರೆಂಬತ್ತು. ನಿಂತಿದ್ದ ಹೊಗೆ ಅಡ್ಡ ಮಲಗಿತು,
ಕೆಳಗಿನ ಮುಳ್ಳು ಸೊನ್ನೆ ದಾಟಿ ಮೈನಸ್ಸಿಗೆ ಬಿತ್ತು.
ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ
ಎಂಬುದನ್ನು ಮುಳ್ಳು ಹೇಳುವ ರೀತಿ ಅದು.

ಇನ್ನೂರು.
ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿದ್ದ ಬೆರಳು
ನಿಂತಿತು.
"ಸೆವೆರಿಯನ್ ಎಲ್ಲಿ?"

ನಡುವೆ ಇದ್ದ, ಚಿಕ್ಕಮ್ಮಾ.
ಇಷ್ಟು ಹೊತ್ತು ನಾನು ಕಳೆಯುತ್ತಿದ್ದದ್ದು
ನಡುವನ್ನೇ.

"ನಾನು ಅವಳನ್ನು ಕಳಿಸು ಎಂದೆ."

ಇದಕ್ಕೆ ಹೆಸರು ಗೊತ್ತಾಗುವುದಿಲ್ಲ.
ಎರಡೂ ಕಡೆಗೆ ಸಮನಾಗಿದ್ದುದೇನು
ಎಂಬುದಷ್ಟೇ ಗೊತ್ತು.
ಸಮನಾಗಿದ್ದವನು ಅವನೊಬ್ಬ.

ಅಭ್ಯಾಸಬಲ, ಮೋನೋ ಗುಂಡಿ ಒತ್ತಿದೆ.
ಮದುವೆಗೆ ಬರುವವರು ಬರುವುದು ವ್ಯಾನಿನಲ್ಲಿ,
ವ್ಯಾನಿಗೆ ಒಂದೇ ಸ್ಪೀಕರು, ಅದೂ ಡ್ರೈವರನ ಮೊಣಕಾಲ ಹತ್ತಿರ.
ಎರಡು ದಡ ಕೂಡಿಸಿದರೆ ಎಷ್ಟು?
ಸೊನ್ನೆ.
ಹಾಡಿಲ್ಲ. ಟೇಪಿನ ಸುಯ್ಯೂ ಇಲ್ಲ.
ಕೆಳಗೆ ಯಾರೋ ರೊಟ್ಟಿಯ ತಟ್ಟೆ ಬೀಳಿಸಿದ್ದು
ಚೆನ್ನಾಗಿ ಕೇಳಿಸಿತು.

ಹೆದರಿ ಇನ್ನೊಂದು ತುದಿಗೆ ತಿರುಗಿಸಿದೆ.
ಮೂವರೂ ಒಂದೇ ಗೆರೆ,
ಒಂದು ಕಿರುಬಾಗಿಲಲ್ಲಿ ಸಿಕ್ಕಿಕೊಂಡ ಮೂವರು ದಪ್ಪನೆಯವರು.
"ಥೂ," ಮೂಗು ಮುಚ್ಚಿದಳು,
"ಅವಳ ಬೆಳ್ಳುಳ್ಳಿ ವಾಸನೆ!"
ಆಮೇಲೆ ನಕ್ಕಳೋ ಕೆಮ್ಮಿದಳೋ, ಹೇಳಲಾರೆ.

"ಸರಿ ಅತ್ಲಾಗೆ."
ಮೌಸ್ ತಾನೇ ಹಿಡಿದಳು.
ಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಾದ ಚರ್ಮ.
ಪರದೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು
ಮೆಲ್ಲಗೆ, ಹಾಲು ಉಕ್ಕುವುದನ್ನು ಕಾಯುವವಳಂತೆ,
ಅಣ್ಣ ಬರುವವರೆಗೆ.
ಅವನು ಬಂದ ಮೇಲೂ ಚೂರು ಆಚೆ, ಚೂರು ಈಚೆ.
ನಿಲ್ಲಿಸಿದಳು.
"ಇಷ್ಟು ದೂರ ಇರಲಿ ಅವಳು. ಇದಕ್ಕಿಂತ ಹತ್ತಿರ ಬೇಡ."

ಅಂಕಿ ನೋಡಿದೆ. ತೊಂಬತ್ತನಾಲ್ಕು.
ನೂರೆಂದರೆ ಅವತ್ತು ಊಟದ ಕೋಣೆಯಲ್ಲಿ
ಅವರು ಎಷ್ಟು ದೂರ ನಿಂತಿದ್ದರೋ ಅಷ್ಟು.

ಲಾರಿ ನೋಟುಗಳನ್ನು ಎಣಿಸಿ ಎಣಿಸಿ ಕೊಟ್ಟಳು.
ನಾನೂ ಎಣಿಸಿಕೊಂಡೆ.
ಹೇಳಲಿಲ್ಲ.